1971ರ ಯುದ್ಧ ಮತ್ತು ಮಹಾಶಕ್ತಿಗಳ ಪೈಪೋಟಿ: ಪದೇ ಪದೇ ಕೇಳುವ ಪ್ರಶ್ನೆಗಳು

1971ರ ಡಿಸೆಂಬರ್ 3ರ ಸಂಜೆ ಶುರುವಾಗಿ 16ರ ಸಂಜೆ ಢಾಕಾದಲ್ಲಿ, ಮರುದಿನ ಪಶ್ಚಿಮದಲ್ಲಿ ಮುಗಿದ ಭಾರತ–ಪಾಕಿಸ್ತಾನ ಯುದ್ಧದ ರಣರಂಗದ ಕಥೆಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಅದೇ ಹೊತ್ತಿಗೆ ವಾಷಿಂಗ್ಟನ್, ಮಾಸ್ಕೋ, ಬೀಜಿಂಗ್, ನ್ಯೂಯಾರ್ಕ್‌ಗಳಲ್ಲಿ ನಡೆದ ಜಗ್ಗಾಟದ ಬಗ್ಗೆ ಕೇಳುವವರು ಬಹಳ, ಆದರೆ ಸಿಗುವ ಉತ್ತರಗಳಲ್ಲಿ ದಂತಕಥೆಯ ಪಾಲೇ ದೊಡ್ಡದು. ಆ ಜಗ್ಗಾಟ ನಡೆದದ್ದು ದಿನಗಳಿಗಾಗಿ. ಭಾರತಕ್ಕೆ ಇನ್ನಷ್ಟು ದಿನ ಬೇಕಿತ್ತು, ಪಾಕಿಸ್ತಾನಕ್ಕೆ ಆ ದಿನಗಳನ್ನು ಕತ್ತರಿಸುವವರು ಬೇಕಿತ್ತು. ಕೆಳಗಿನ ಉತ್ತರಗಳನ್ನು ಓದುವಾಗ ಈ ಲೆಕ್ಕ ಮನಸ್ಸಿನಲ್ಲಿರಲಿ.

ಪಾಕಿಸ್ತಾನದ ಒಳಜಗಳ ಹೊರಗಿನವರ ಕೈಗೆ ಹೋದದ್ದು ಹೇಗೆ?

1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) 162 ಸಾಮಾನ್ಯ ಸ್ಥಾನಗಳ ಪೈಕಿ 160 ಬಂಗಾಳಿಗಳ ಪಕ್ಷವಾದ ಅವಾಮಿ ಲೀಗ್ ಪಾಲಾದವು. ಇಡೀ ದೇಶದ ಸಾಮಾನ್ಯ ಸ್ಥಾನಗಳು 300. ಪಶ್ಚಿಮದಲ್ಲಿ ಒಂದೂ ಸ್ಥಾನ ಗೆಲ್ಲದೆಯೇ ಆ ಪಕ್ಷದ ನಾಯಕ ಶೇಖ್ ಮುಜಿಬುರ್ ರಹಮಾನ್‌ ಅವರಿಗೆ ಬಹುಮತ ಸಿಕ್ಕಿತ್ತು. ಅಧಿಕಾರ ಹಸ್ತಾಂತರ ಮಾತ್ರ ಆಗಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಮಿಲಿಟರಿ ಆಡಳಿತಗಾರ ಜನರಲ್ ಯಾಹ್ಯಾ ಖಾನ್ ಅವರ ಸೇನೆ ಢಾಕಾದಲ್ಲಿ ದಮನ ಶುರುಮಾಡಿತು, ಮುಜಿಬ್ ಬಂಧನವಾಯಿತು.

ಅಲ್ಲಿಂದ ಜನ ಗಡಿ ದಾಟತೊಡಗಿದರು. ವರ್ಷದ ಕೊನೆಯ ಹೊತ್ತಿಗೆ ಭಾರತಕ್ಕೆ ಬಂದ ನಿರಾಶ್ರಿತರ ಸಂಖ್ಯೆ ಸುಮಾರು 1 ಕೋಟಿ. ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಂ, ಮೇಘಾಲಯಗಳ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಇಷ್ಟು ಜನ ಬಂದಮೇಲೆ ಅದು ಯಾರದೋ ಮನೆಯ ಜಗಳವಾಗಿ ಉಳಿಯಲು ಸಾಧ್ಯವಿರಲಿಲ್ಲ. ಅವರು ಮರಳಿ ಹೋಗಬೇಕಾದರೆ ಅಲ್ಲಿನ ಆಡಳಿತ ಬದಲಾಗಬೇಕು, ಆಡಳಿತ ಬದಲಾಗಬೇಕಾದರೆ ಯಾಹ್ಯಾ ಮೇಲೆ ಒತ್ತಡ ಬೇಕು. ಒತ್ತಡ ಹಾಕಬಲ್ಲ ಶಕ್ತಿಯಿದ್ದದ್ದು ಅಮೆರಿಕಕ್ಕೆ. ಆ ಅಮೆರಿಕ ಒತ್ತಡ ಹಾಕಲು ತಯಾರಿರಲಿಲ್ಲ.

ಅಮೆರಿಕ ಪಾಕಿಸ್ತಾನದ ಕಡೆ ವಾಲಿದ್ದು ಏಕೆ?

ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಇಂದಿರಾ ಗಾಂಧಿ ಅವರನ್ನು ಕಂಡರೆ ಆಗುತ್ತಿರಲಿಲ್ಲ ಎಂಬ ವಿವರಣೆ ಸುಳ್ಳಲ್ಲ. ಶ್ವೇತಭವನದ ಧ್ವನಿಮುದ್ರಣಗಳಲ್ಲಿ ಆ ಸಿಟ್ಟು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಮುಖ್ಯ ಕಾರಣ ಬೀಜಿಂಗ್‌ನಲ್ಲಿದೆ.

1969ರ ಮಾರ್ಚ್‌ನಲ್ಲಿ ಉಸ್ಸೂರಿ ನದಿಯ ಝೆನ್‌ಬಾವೋ ದ್ವೀಪದಲ್ಲಿ ಸೋವಿಯತ್ ಮತ್ತು ಚೀನೀ ಪಡೆಗಳು ಗುಂಡು ಹಾರಿಸಿಕೊಂಡವು. ರಷ್ಯದವರೂ ಚೀನಿಯರೂ ಹೀಗೆ ಕಾದಾಡುವಾಗ ಚೀನಾವನ್ನು ತನ್ನ ಕಡೆ ಸೆಳೆದರೆ ಮಾಸ್ಕೋವನ್ನು ಬಗ್ಗಿಸಬಹುದು ಎಂಬುದು ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಲೆಕ್ಕ. ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇಲ್ಲದ್ದರಿಂದ ಮಾತು ದಾಟಿಸಲು ಮಧ್ಯಸ್ಥರು ಬೇಕಾದರು. ರುಮೇನಿಯಾ ಮೂಲಕವೂ ಪ್ರಯತ್ನ ನಡೆದಿತ್ತು. ಕೊನೆಗೆ ನೆಚ್ಚಿಕೊಂಡದ್ದು ಯಾಹ್ಯಾ ಖಾನ್‌ ಅವರನ್ನು.

1971ರ ಜುಲೈನಲ್ಲಿ ಕಿಸಿಂಜರ್ ದೆಹಲಿಗೆ ಬಂದು, ಅಲ್ಲಿಂದ ಇಸ್ಲಾಮಾಬಾದ್‌ಗೆ ಹೋದರು. ಹೊಟ್ಟೆ ಕೆಟ್ಟಿದೆ, ನಥಿಯಾಗಲಿಯ ಗುಡ್ಡದ ಮೇಲೆ ವಿಶ್ರಾಂತಿ ಎಂದು ಪತ್ರಕರ್ತರಿಗೆ ಹೇಳಲಾಯಿತು. ಗುಡ್ಡದ ಕಡೆಗೆ ಕಾರುಗಳ ಸಾಲೂ ಹೊರಟಿತು. ಅವರು ಮಾತ್ರ 9ರ ನಸುಕಿನಲ್ಲಿ ಪಾಕಿಸ್ತಾನದ ವಿಮಾನದಲ್ಲಿ ಬೀಜಿಂಗ್‌ಗೆ ಹಾರಿ, 11ರವರೆಗೆ ಚೀನಾದ ಪ್ರಧಾನಿ ಚೌ ಎನ್‌ಲೈ ಜೊತೆ ಮಾತಾಡಿ ಮರಳಿದರು. 15ರಂದು ನಿಕ್ಸನ್ ತಾವೇ ಚೀನಾಕ್ಕೆ ಹೋಗುವುದಾಗಿ ಟಿವಿಯಲ್ಲಿ ಪ್ರಕಟಿಸಿದರು.

ಈ ತಾರೀಖುಗಳ ಪಕ್ಕದಲ್ಲಿ ಏಪ್ರಿಲ್ 28ನ್ನು ಇಟ್ಟು ನೋಡಿ. ಸದ್ಯಕ್ಕೆ ಯಾಹ್ಯಾರನ್ನು ಹಿಂಡಬೇಡಿ ಎಂದು ನಿಕ್ಸನ್ ತಮ್ಮ ಕೈಬರಹದಲ್ಲಿ ಟಿಪ್ಪಣಿ ಬರೆದದ್ದು ಆ ತಾರೀಖಿನ ಕಡತದ ಮೇಲೆ. ಪೂರ್ವ ಬಂಗಾಳದ ಜನರ ಗೋಳು ವಾಷಿಂಗ್ಟನ್‌ಗೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ತಿಳಿದೂ ಅದನ್ನು ಬದಿಗಿಟ್ಟರು.

ಜುಲೈನಲ್ಲೇ ಚೀನಾದ ಬಾಗಿಲು ತೆರೆದಿತ್ತಲ್ಲ, ಆಮೇಲೂ ಪಾಕಿಸ್ತಾನವನ್ನು ಏಕೆ ಬಿಡಲಿಲ್ಲ?

ಒಳ್ಳೆಯ ಪ್ರಶ್ನೆ. ಕಾರಣ ಬದಲಾಯಿತು, ನಿಲುವು ಬದಲಾಗಲಿಲ್ಲ. ಮೊದಲು ಪಾಕಿಸ್ತಾನ ಸೇತುವೆಯಾಗಿತ್ತು, ಆಮೇಲೆ ಸಾಕ್ಷಿಯಾಯಿತು. ಹಳೆಯ ಮಿತ್ರ ಸೋಲುವಾಗ ಅಮೆರಿಕ ಸುಮ್ಮನೆ ಕುಳಿತರೆ, ನಾಳೆ ನಮ್ಮ ಗತಿಯೂ ಇದೇ ಎಂದು ಚೀನಾ ಭಾವಿಸುತ್ತದೆ ಎಂಬ ಚಿಂತೆ ಕಿಸಿಂಜರ್ ಅವರದು. ಸೋವಿಯತ್ ಬೆಂಬಲದ ದೇಶವೊಂದು ಅಮೆರಿಕ ಬೆಂಬಲದ ದೇಶವನ್ನು ಒಡೆಯಿತು ಎಂಬ ಚಿತ್ರ ಮೂಡಬಾರದು ಎಂಬುದೇ ಅವರ ಒಟ್ಟು ಹವಣಿಕೆ. ನಮ್ಮ ತೀರ್ಮಾನದಲ್ಲಿ ಇದೇ ಅವರ ದೊಡ್ಡ ತಪ್ಪು. ಬಂಗಾಳಿಗಳು ಎದ್ದದ್ದು ಮತಪೆಟ್ಟಿಗೆಯ ತೀರ್ಪನ್ನು ತುಳಿದದ್ದಕ್ಕೆ. ಅದನ್ನು ಮಾಸ್ಕೋದ ಪಗಡೆಯ ಕಾಯಿ ಎಂದು ಓದಿದವರಿಗೆ ಮುಂದಿನ ಪ್ರತಿ ನಡೆಯೂ ತಪ್ಪಾಗಿಯೇ ಕಂಡಿತು.

ಅಮೆರಿಕದಲ್ಲಿ ಎಲ್ಲರೂ ಇದಕ್ಕೆ ಒಪ್ಪಿದ್ದರೇ?

ಇಲ್ಲ. ಢಾಕಾದ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್ 6ರಂದು ಕಳಿಸಿದ ತಂತಿಗೆ 20 ಅಧಿಕಾರಿಗಳು ಸಹಿ ಹಾಕಿದ್ದರು. ತಮ್ಮದೇ ಸರ್ಕಾರ ನೈತಿಕವಾಗಿ ದಿವಾಳಿಯಾಗಿದೆ ಎಂಬರ್ಥದ ಮಾತು ಅದರಲ್ಲಿತ್ತು. ಬ್ಲಡ್‌ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಲಾಯಿತು.

1965ರ ಯುದ್ಧದ ನಂತರ ಎರಡೂ ದೇಶಗಳಿಗೆ ಶಸ್ತ್ರ ಕೊಡುವುದನ್ನು ಅಮೆರಿಕ ನಿಲ್ಲಿಸಿತ್ತು. ಆಮೇಲೆ ಬಿಡಿಭಾಗಗಳಿಗೆ ಸಡಿಲಿಕೆ ಬಂತು, 1970ರಲ್ಲಿ ಪಾಕಿಸ್ತಾನಕ್ಕೆ ಒಂದು ಬಾರಿಯ ವಿನಾಯಿತಿಯೂ ಸಿಕ್ಕಿತು. ಮಾರ್ಚ್ ದಮನದ ನಂತರ ಸಾಗಣೆ ನಿಂತಿದೆ ಎಂದು ಭಾರತ ನಂಬಿತ್ತು. ಹಳೆಯ ಲೈಸೆನ್ಸ್‌ಗಳ ಮೇಲೆ ಸರಕು ಹೋಗುತ್ತಲೇ ಇತ್ತು ಎಂಬುದು ಜೂನ್‌ನಲ್ಲಿ ಪತ್ರಿಕೆಯಿಂದ ಹೊರಬಿತ್ತು. ಹೊಸ ಲೈಸೆನ್ಸ್ ನಿಲ್ಲಿಸುವುದು ಬೇರೆ, ಹಳೆಯದನ್ನು ರದ್ದು ಮಾಡುವುದು ಬೇರೆ. ಶಸ್ತ್ರ ನಿರ್ಬಂಧ ಎಂಬ ಸುದ್ದಿ ಓದಿದಾಗ ಈ ಎರಡರಲ್ಲಿ ಯಾವುದು ಎಂದು ಮೊದಲು ಕೇಳಬೇಕು. ಜುಲೈನಲ್ಲಿ ಬಾಲ್ಟಿಮೋರ್ ಬಂದರಿಗೆ ‘ಪದ್ಮಾ’ ಎಂಬ ಪಾಕಿಸ್ತಾನಿ ಹಡಗು ಬಂದಾಗ ಅಲ್ಲಿನ ಶಾಂತಿವಾದಿಗಳು ಹುಟ್ಟುಹಾಕುವ ಸಣ್ಣ ಸಣ್ಣ ದೋಣಿಗಳಲ್ಲಿ ಅದರ ದಾರಿಗೆ ಅಡ್ಡ ಹೋದರು. ಹಡಗೇನೂ ನಿಲ್ಲಲಿಲ್ಲ, ಆದರೆ ಅಮೆರಿಕದ ಜನ ಮತ್ತು ಅಮೆರಿಕದ ಸರ್ಕಾರ ಒಂದೇ ಅಲ್ಲ ಎಂಬುದು ಜಗತ್ತಿಗೆ ಕಂಡಿತು.

ಭಾರತ–ಸೋವಿಯತ್ ಒಪ್ಪಂದ ಮಿಲಿಟರಿ ಮೈತ್ರಿಯಾಗಿತ್ತೇ?

ಅಲ್ಲ. ಇದನ್ನು ನಿಧಾನವಾಗಿ ನೋಡೋಣ, ಗೊಂದಲ ಹೆಚ್ಚಿರುವುದು ಇಲ್ಲೇ.

ಒಪ್ಪಂದಕ್ಕೆ 1971ರ ಆಗಸ್ಟ್ 9ರಂದು ದೆಹಲಿಯಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರಾದ ಸ್ವರಣ್ ಸಿಂಗ್ ಮತ್ತು ಆಂದ್ರೇ ಗ್ರೊಮಿಕೊ ಸಹಿ ಹಾಕಿದರು. ಒಟ್ಟು 12 ವಿಧಿಗಳು, ಅವಧಿ 20 ವರ್ಷ. ಒಂದು ದೇಶದ ಮೇಲೆ ದಾಳಿಯಾದರೆ ಇನ್ನೊಂದು ತಾನೇ ಯುದ್ಧಕ್ಕಿಳಿಯುತ್ತದೆ ಎಂಬ ಮಾತು ಆ 12ರಲ್ಲಿ ಎಲ್ಲೂ ಇಲ್ಲ. ನೇಟೋ ಒಪ್ಪಂದದ 5ನೇ ವಿಧಿಯಂತೆ ಒಬ್ಬರ ಮೇಲಿನ ದಾಳಿಯನ್ನು ಎಲ್ಲರ ಮೇಲಿನ ದಾಳಿ ಎಂದು ಬಗೆದು ನೆರವಾಗಬೇಕು ಎಂಬ ಮಾತೂ ಇಲ್ಲ (ಯಾವ ನೆರವು ಎಂಬುದನ್ನು ಆ ವಿಧಿಯೂ ಆಯಾ ದೇಶಕ್ಕೇ ಬಿಡುತ್ತದೆ).

ಇಲ್ಲಿ ಮುಖ್ಯವಾದವು ಮೂರು ವಿಧಿಗಳು. 4ನೆಯದು ಭಾರತದ ಅಲಿಪ್ತ ನೀತಿಯನ್ನು ಸೋವಿಯತ್ ಒಕ್ಕೂಟ ಗೌರವಿಸುತ್ತದೆ ಎನ್ನುತ್ತದೆ. 8ನೆಯದು ಒಬ್ಬರ ವಿರುದ್ಧದ ಮಿಲಿಟರಿ ಮೈತ್ರಿಗೆ ಇನ್ನೊಬ್ಬರು ಸೇರಬಾರದು ಎನ್ನುತ್ತದೆ. ಜೀವಾಳ ಇರುವುದು 9ನೆಯದರಲ್ಲಿ. ಅದರ ಮೊದಲ ಭಾಗದ ಪ್ರಕಾರ, ಒಬ್ಬರೊಡನೆ ಸಶಸ್ತ್ರ ಸಂಘರ್ಷಕ್ಕಿಳಿದ ಮೂರನೆಯ ದೇಶಕ್ಕೆ ಇನ್ನೊಬ್ಬರು ಯಾವ ನೆರವೂ ಕೊಡಕೂಡದು. ಎರಡನೆಯ ಭಾಗದ ಪ್ರಕಾರ, ದಾಳಿ ಅಥವಾ ದಾಳಿಯ ಬೆದರಿಕೆ ಬಂದರೆ ಇಬ್ಬರೂ ತಕ್ಷಣ ಸಮಾಲೋಚಿಸಿ, ಆ ಬೆದರಿಕೆ ನೀಗಿಸಲು ತಕ್ಕ ಪರಿಣಾಮಕಾರಿ ಕ್ರಮ ಕೈಗೊಳ್ಳಬೇಕು.

ಸಮಾಲೋಚನೆ ಎಂಬುದು ಬಾಧ್ಯತೆ, ಸೇನೆ ಕಳಿಸುವುದು ಬಾಧ್ಯತೆಯಲ್ಲ. ಹಾಗಾದರೆ ಉಪಯೋಗವೇನು? ಮೊದಲ ಭಾಗ ಪಾಕಿಸ್ತಾನಕ್ಕೆ ಸೋವಿಯತ್ ಶಸ್ತ್ರದ ಬಾಗಿಲು ಮುಚ್ಚಿತು. ಅದು ಸಣ್ಣ ವಿಷಯವಲ್ಲ, ಏಕೆಂದರೆ 1966ರಲ್ಲಿ ತಾಷ್ಕೆಂಟ್‌ನಲ್ಲಿ ಮಧ್ಯಸ್ಥಿಕೆ ವಹಿಸಿದ ಮಾಸ್ಕೋ 1968ರಿಂದ ಪಾಕಿಸ್ತಾನಕ್ಕೂ ಶಸ್ತ್ರ ಮಾರಲು ಹೊರಟಿತ್ತು. ಎರಡನೆಯ ಭಾಗ ಕೆಲಸ ಮಾಡಿದ್ದು ಬೀಜಿಂಗ್‌ನವರ ಮನಸ್ಸಿನಲ್ಲಿ. ತಕ್ಕ ಕ್ರಮ ಎಂದರೆ ಏನು ಎಂದು ಬರೆದಿರಲಿಲ್ಲ. ಬರೆಯದೆ ಬಿಟ್ಟದ್ದೇ ಚೀನಾ ಎರಡು ಬಾರಿ ಯೋಚಿಸಲು ಸಾಕಾಯಿತು.

ಯಾವುದೇ ಯುದ್ಧದಲ್ಲಿ ಇಂಥ ಒಪ್ಪಂದ ಕಂಡರೆ ಮೊದಲು ಕ್ರಿಯಾಪದ ಹುಡುಕಿ: ‘ನೆರವಾಗತಕ್ಕದ್ದು’ ಎಂದಿದೆಯೋ, ‘ಸಮಾಲೋಚಿಸತಕ್ಕದ್ದು’ ಎಂದಿದೆಯೋ? ಆಮೇಲೆ ಯಾರ ವಿರುದ್ಧ ಎಂಬುದನ್ನು ನೋಡಿ. ಪಾಕಿಸ್ತಾನ ಎಡವಿದ್ದು ಇಲ್ಲೇ. ಅಮೆರಿಕದ ಬೆಂಬಲದ ಮಿಲಿಟರಿ ಕೂಟಗಳಾದ ಸೀಟೋ, ಸೆಂಟೋ ಎರಡರಲ್ಲೂ ಅದು ಸದಸ್ಯ, 1959ರಲ್ಲಿ ಅಮೆರಿಕದೊಡನೆ ದ್ವಿಪಕ್ಷೀಯ ಒಪ್ಪಂದವನ್ನೂ ಮಾಡಿಕೊಂಡಿತ್ತು. ಆದರೆ ಅಮೆರಿಕ ಅವನ್ನು ಕಟ್ಟಿದ್ದು ಕಮ್ಯುನಿಸ್ಟ್ ಆಕ್ರಮಣವನ್ನು ಕಣ್ಣಮುಂದಿಟ್ಟುಕೊಂಡು. ಭಾರತದ ವಿರುದ್ಧ ಬಳಸಲು ಹೋದಾಗ ಕಾಗದ ಕೈಕೊಟ್ಟಿತು.

ಒಪ್ಪಂದವನ್ನು ಯುದ್ಧಕ್ಕಾಗಿಯೇ ತರಾತುರಿಯಲ್ಲಿ ಮಾಡಿದ್ದೇ?

ಕರಡಿನ ಮಾತುಕತೆ 1969ರಿಂದಲೇ ಇತ್ತು, ದೆಹಲಿ ಎಳೆದಾಡುತ್ತಿತ್ತು. ಕಿಸಿಂಜರ್ ಅವರ ಬೀಜಿಂಗ್ ಪ್ರವಾಸ ಬಯಲಾದ ಮೇಲೆ, ಚೀನಾ ನಡುವೆ ಬಂದರೆ ಅಮೆರಿಕ ಭಾರತದ ನೆರವಿಗೆ ಬರುವುದಿಲ್ಲ ಎಂಬ ಸೂಚನೆ ವಾಷಿಂಗ್ಟನ್‌ನಲ್ಲಿದ್ದ ಭಾರತದ ರಾಯಭಾರಿ ಎಲ್.ಕೆ. ಝಾ ಅವರಿಗೆ ಸಿಕ್ಕಿತು. 1962ರಲ್ಲಿ ಅಮೆರಿಕ ಶಸ್ತ್ರ ಕಳಿಸಿದ್ದನ್ನು ಕಂಡವರಿಗೆ ಇದು ದೊಡ್ಡ ಆಘಾತ. ಎರಡು ವರ್ಷ ಕುಂಟಿದ ಕರಡು ಮೂರೇ ವಾರದಲ್ಲಿ ಒಪ್ಪಂದವಾಯಿತು. ಮಾಸ್ಕೋದಲ್ಲಿ ಭಾರತದ ರಾಯಭಾರಿಯಾಗಿದ್ದ ಡಿ.ಪಿ. ಧರ್ ಅದರ ಹಿಂದೆ ಓಡಾಡಿದವರು.

ಸಹಿಯಾದ ಮರುದಿನದಿಂದಲೇ ಮಾಸ್ಕೋ ಯುದ್ಧಕ್ಕೆ ಒಪ್ಪಿತು ಎಂದೇನೂ ಅಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಇಂದಿರಾ ಗಾಂಧಿ ಮಾಸ್ಕೋಗೆ ಹೋಗಿ ಬರುವತನಕ ಸೋವಿಯತ್ ನಾಯಕರು ರಾಜಕೀಯ ಪರಿಹಾರ ಎನ್ನುತ್ತಲೇ ಇದ್ದರು.

ಏಪ್ರಿಲ್‌ನಲ್ಲೇ ಭಾರತ ನುಗ್ಗಬಹುದಿತ್ತಲ್ಲ?

ನುಗ್ಗಿದ್ದರೆ ಸೋಲುವ ಸಂಭವವೇ ಹೆಚ್ಚಿತ್ತು. ಜೂನ್‌ನಿಂದ ಪೂರ್ವ ಬಂಗಾಳದಲ್ಲಿ ಮಳೆ. ನದಿಗಳು ಸಮುದ್ರದಂತೆ ಹರಡುತ್ತವೆ, ಗದ್ದೆಯಲ್ಲಿ ಟ್ಯಾಂಕ್ ಹೂತುಹೋಗುತ್ತದೆ. ಪೂರ್ವದಲ್ಲಿ ಬಳಸಬೇಕಿದ್ದ ಪಡೆಗಳಲ್ಲಿ 4, 8, 20ನೇ ಡಿವಿಷನ್‌ಗಳು ಪರ್ವತ ಡಿವಿಷನ್‌ಗಳು. ಬೆಟ್ಟಕ್ಕೆಂದು ಕಟ್ಟಿದ ಅವುಗಳ ಬಳಿ ದೊಡ್ಡ ನದಿಗೆ ಸೇತುವೆ ಹಾಸುವ ಸಾಮಗ್ರಿಯಾಗಲಿ ಭಾರೀ ಫಿರಂಗಿಗಳಾಗಲಿ ಸಾಕಷ್ಟಿರಲಿಲ್ಲ. ಅವನ್ನು ಬೇರೆಡೆಯಿಂದ ತಂದು ಕೂಡಿಸಲು, ತ್ರಿಪುರಾದವರೆಗೆ ರಸ್ತೆ ಮತ್ತು ದಾಸ್ತಾನು ಸಿದ್ಧಮಾಡಲು ತಿಂಗಳುಗಳೇ ಬೇಕು. ಮೇಲಾಗಿ ಬೇಸಿಗೆಯಲ್ಲಿ ಹಿಮಾಲಯದ ಕಣಿವೆದಾರಿಗಳು ತೆರೆದಿರುತ್ತವೆ. ಚೀನಾ ಬರಬಹುದೆಂಬ ಭಯವಿದ್ದಾಗ ಆ ಡಿವಿಷನ್‌ಗಳನ್ನು ಉತ್ತರದಿಂದ ಕದಲಿಸುವಂತಿರಲಿಲ್ಲ.

ಜನರಲ್ ಸ್ಯಾಮ್ ಮಾಣೆಕ್‌ಶಾ ಕಾಯೋಣ ಎಂದದ್ದಕ್ಕೆ ಆಧಾರ ಇವೇ. ನವೆಂಬರ್ ಕೊನೆಯ ಹೊತ್ತಿಗೆ ಗದ್ದೆ ಒಣಗಿರುತ್ತದೆ, ಕಣಿವೆ ಹಿಮದಿಂದ ಮುಚ್ಚಿರುತ್ತದೆ. ಈ ನಡುವೆ ಬಂಗಾಳಿ ಹೋರಾಟಗಾರರ ಪಡೆ ಮುಕ್ತಿ ಬಾಹಿನಿಗೆ ತರಬೇತಿಯೂ ಆಗಿತ್ತು.

ಚೀನಾ ಏಕೆ ಬರಲಿಲ್ಲ?

1965ರ ಸೆಪ್ಟೆಂಬರ್‌ನಲ್ಲಿ ಚೀನಾ ಸಿಕ್ಕಿಂ ಗಡಿಯ ನೆಪದಲ್ಲಿ ಭಾರತಕ್ಕೆ ಗಡುವು ಕೊಟ್ಟಿತ್ತು. 1967ರಲ್ಲಿ ನಾಥು ಲಾದಲ್ಲಿ ಘರ್ಷಣೆಯೇ ನಡೆಯಿತು. ಆದ್ದರಿಂದ 1971ರಲ್ಲೂ ಬರುತ್ತದೆಂದು ಪಾಕಿಸ್ತಾನ ನಂಬಿದ್ದು ಆಶ್ಚರ್ಯವಲ್ಲ. ನವೆಂಬರ್‌ನಲ್ಲಿ ಪಶ್ಚಿಮ ಪಾಕಿಸ್ತಾನದ ರಾಜಕೀಯ ನಾಯಕ ಭುಟ್ಟೊ ನೇತೃತ್ವದ ನಿಯೋಗ ಬೀಜಿಂಗ್‌ಗೆ ಹೋಗಿ ಬಂತು, ಸಿಕ್ಕಿದ್ದು ಮಾತಿನ ಬೆಂಬಲ.

ಹಿಮ ಒಂದು ತಡೆ. ಚೀನಾದ ಉತ್ತರ ಗಡಿಯಲ್ಲಿ ನಿಂತ ಸೋವಿಯತ್ ಡಿವಿಷನ್‌ಗಳು ಇನ್ನೊಂದು. ಮೂರನೆಯದನ್ನು ನಮ್ಮಲ್ಲಿ ಕಡಿಮೆ ಹೇಳುತ್ತಾರೆ. ಸೆಪ್ಟೆಂಬರ್ 13ರಂದು ಮಾವೋ ಅವರ ಉತ್ತರಾಧಿಕಾರಿ ಎನಿಸಿದ್ದ ಲಿನ್ ಬಿಯಾವೋ ಮಂಗೋಲಿಯಾದಲ್ಲಿ ವಿಮಾನ ಅಪಘಾತದಲ್ಲಿ ಸತ್ತರು. ಅವರ ಕಡೆಯ ಸೇನಾಧಿಕಾರಿಗಳನ್ನು ಹುಡುಕಿ ತೆಗೆಯುವ ಕೆಲಸ ನಡೆದಿತ್ತು. ಅಂಥ ಹೊತ್ತಿನಲ್ಲಿ ಪರದೇಶದ ಯುದ್ಧಕ್ಕೆ ಸೇನೆ ಕಳಿಸುವವರು ಯಾರು?

ಡಿಸೆಂಬರ್ 10ರಂದು ನ್ಯೂಯಾರ್ಕ್‌ನಲ್ಲಿ ಕಿಸಿಂಜರ್ ಚೀನಾದ ಪ್ರತಿನಿಧಿ ಹುವಾಂಗ್ ಹುವಾರನ್ನು ಗುಟ್ಟಾಗಿ ಕಂಡು, ಚೀನಾ ತನ್ನ ಭದ್ರತೆಗಾಗಿ ಹೆಜ್ಜೆ ಇಟ್ಟರೆ ಬೇರೆಯವರು ಅಡ್ಡ ಬರುವುದನ್ನು ಅಮೆರಿಕ ವಿರೋಧಿಸುತ್ತದೆ ಎಂದರು. ಭಾರತದ ಮೇಲೆ ಬನ್ನಿ ಎಂದು ಹುರಿದುಂಬಿಸುವುದಕ್ಕೆ ಇದು ತೀರ ಹತ್ತಿರ. 12ರಂದು ಚೀನಾದಿಂದ ತುರ್ತು ಸಂದೇಶ ಬಂದಾಗ ಸೇನೆ ಹೊರಟಿತೆಂದೇ ಶ್ವೇತಭವನ ಭಾವಿಸಿತು. ಅದರಲ್ಲಿದ್ದದ್ದು ಕದನ ವಿರಾಮದ ಸಲಹೆಗೆ ಚೀನಾ ಒಪ್ಪುತ್ತದೆ ಎಂಬ ಮಾತು, ಅಷ್ಟೇ.

ಭದ್ರತಾ ಮಂಡಳಿಯಲ್ಲಿ ಸೋವಿಯತ್ ವೀಟೋ ಎಷ್ಟು ಬಾರಿ, ಅದರಿಂದ ಆದದ್ದೇನು?

ಮೂರು ಬಾರಿ: ಡಿಸೆಂಬರ್ 4, 5 ಮತ್ತು 13. (ನ್ಯೂಯಾರ್ಕ್ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಕೆಲವು ಬರಹಗಳಲ್ಲಿ ತಾರೀಖು ಒಂದು ದಿನ ಆಚೀಚೆ ಕಾಣುವುದು ಇದರಿಂದ.)

ಮಂಡಳಿಯ 15 ಸದಸ್ಯರಲ್ಲಿ 9 ಮತ ಬಿದ್ದರೆ ನಿರ್ಣಯ ಪಾಸು, ಐದು ಕಾಯಂ ಸದಸ್ಯರಲ್ಲಿ ಯಾರೂ ವಿರೋಧಿಸದಿದ್ದರೆ. ಗೈರು ಅಥವಾ ತಟಸ್ಥ ಮತ ವೀಟೋ ಅಲ್ಲ. ಮೂರು ಸಲವೂ ಎಣಿಕೆ ಒಂದೇ: ಪರ 11, ವಿರುದ್ಧ 2, ತಟಸ್ಥ 2. ವಿರುದ್ಧ ಹಾಕಿದವರು ಸೋವಿಯತ್ ಒಕ್ಕೂಟ ಮತ್ತು ಪೋಲೆಂಡ್, ತಟಸ್ಥರು ಬ್ರಿಟನ್ ಮತ್ತು ಫ್ರಾನ್ಸ್. ಅಮೆರಿಕದ ಎರಡು ಹತ್ತಿರದ ಮಿತ್ರರು ಅದರ ಜೊತೆ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ.

ಆ ಕರಡುಗಳ ಮುಖ್ಯ ಬೇಡಿಕೆ ತಕ್ಷಣದ ಕದನ ವಿರಾಮ ಮತ್ತು ಸೇನೆಗಳ ವಾಪಸಾತಿ. ಕೇಳಲು ನ್ಯಾಯವೇ. ಆದರೆ 4ರಂದು ಅದು ಜಾರಿಯಾಗಿದ್ದರೆ ಭಾರತದ ಸೇನೆ ಗಡಿಯಾಚೆಗೆ ಮರಳಬೇಕಿತ್ತು, ಪಾಕಿಸ್ತಾನದ ಸೇನೆ ಢಾಕಾದಲ್ಲೇ ಉಳಿಯುತ್ತಿತ್ತು, 1 ಕೋಟಿ ಜನ ಶಿಬಿರದಲ್ಲೇ ಕೊಳೆಯಬೇಕಿತ್ತು. ಪೂರ್ವದಲ್ಲಿ ರಾಜಕೀಯ ಪರಿಹಾರವೂ ಆಗಲಿ ಎಂದ ಸೋವಿಯತ್ ಕರಡಿಗೆ ಬಿದ್ದದ್ದು 2 ಮತ, ಚೀನಾ ವಿರುದ್ಧ, ಉಳಿದ 12 ತಟಸ್ಥ.

ಮೊದಲ ವೀಟೋ ಬಿದ್ದಾಗ ಭಾರತದ ಪಡೆ ಗಡಿಯ ಹತ್ತಿರವೇ ಇತ್ತು. 11ರಂದು ಟಂಗೈಲ್‌ನಲ್ಲಿ ಪ್ಯಾರಾಟ್ರೂಪರ್‌ಗಳು ಇಳಿದರು. 14ರಂದು ಢಾಕಾದ ಗವರ್ನರ್ ಭವನದ ಮೇಲೆ ಮಿಗ್–21 ವಿಮಾನಗಳು ದಾಳಿ ಮಾಡಿದವು, ಗವರ್ನರ್ ಮಲಿಕ್ ರಾಜೀನಾಮೆ ಕೊಟ್ಟರು. 16ಕ್ಕೆ ಶರಣಾಗತಿ. ವೀಟೋಗಳು ಕೊಟ್ಟದ್ದು ಈ ಹನ್ನೆರಡು ದಿನ.

ಮಹಾಸಭೆಯಲ್ಲಿ 104 ದೇಶಗಳು ಭಾರತದ ವಿರುದ್ಧ ನಿಂತದ್ದು ನಿಜವೇ?

ನಿಜ. ಮಂಡಳಿ ಕಟ್ಟಿಹಾಕಿಕೊಂಡಾಗ ವಿಷಯವನ್ನು ಮಹಾಸಭೆಗೆ ಒಯ್ಯುವ ದಾರಿಯೊಂದಿದೆ. ಹಾಗೆ ಒಯ್ಯುವುದು ಕಾರ್ಯವಿಧಾನದ ತೀರ್ಮಾನವಾದ್ದರಿಂದ ಅದಕ್ಕೆ ವೀಟೋ ಅನ್ವಯಿಸದು. ಡಿಸೆಂಬರ್ 6ರಂದು ಮಂಡಳಿ ಅದನ್ನೇ ಮಾಡಿತು. 7ರಂದು ಮಹಾಸಭೆಯಲ್ಲಿ ಕದನ ವಿರಾಮ–ವಾಪಸಾತಿ ನಿರ್ಣಯಕ್ಕೆ ಪರ 104, ವಿರುದ್ಧ 11, ತಟಸ್ಥ 10. ಭಾರತದ ಜೊತೆ ಸೋವಿಯತ್ ಬಣ, ಕ್ಯೂಬಾ, ಮಂಗೋಲಿಯಾ, ಮತ್ತು ಅದೇ ವರ್ಷ ಸದಸ್ಯನಾದ ಭೂತಾನ್.

ಈ 104 ಮತಗಳನ್ನು ಪಾಕಿಸ್ತಾನದ ಮೇಲಿನ ಪ್ರೀತಿ ಎಂದು ಓದಬೇಡಿ. ಆಫ್ರಿಕಾ, ಏಷ್ಯಾದ ಹೊಸ ದೇಶಗಳ ಒಳಗೆಲ್ಲ ಬೇರೆಯಾಗಲು ಹವಣಿಸುವ ಪ್ರದೇಶಗಳಿದ್ದವು. ನೈಜೀರಿಯಾದಲ್ಲಿ ಬಯಾಫ್ರಾ ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ನೆರೆಯ ಸೇನೆ ಒಳಬಂದು ದೇಶ ಒಡೆಯುವುದನ್ನು ಒಪ್ಪಿದರೆ ನಾಳೆ ತಮ್ಮ ಬಾಗಿಲಿಗೂ ಬರುತ್ತದೆ ಎಂಬ ಅಂಜಿಕೆ. ನಿರಾಶ್ರಿತರ ಬಗ್ಗೆ ಕನಿಕರ ತೋರಿದ ದೇಶಗಳೇ ಮತ ಹಾಕುವಾಗ ಗಡಿಯನ್ನು ನೆನೆದವು. ಮಹಾಸಭೆಯ ನಿರ್ಣಯ ಶಿಫಾರಸು ಮಾತ್ರ, ಪಾಲಿಸಲೇಬೇಕೆಂದಿಲ್ಲ. ಭಾರತ ಪಾಲಿಸಲಿಲ್ಲ.

ಎಂಟರ್‌ಪ್ರೈಸ್ ಬಂದದ್ದು ಏತಕ್ಕೆ? ಸೋವಿಯತ್ ಜಲಾಂತರ್ಗಾಮಿಗಳು ಅದನ್ನು ಓಡಿಸಿದವೇ?

ಅಮೆರಿಕದ ಅಣುಶಕ್ತಿಯ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಆಗ ವಿಯೆಟ್ನಾಂ ಸಮುದ್ರದಲ್ಲಿತ್ತು. ಡಿಸೆಂಬರ್ 10ರಂದು ಆದೇಶ ಹೊರಟಿತು. ಟ್ರಿಪೋಲಿ ಎಂಬ ಹೆಲಿಕಾಪ್ಟರ್ ನೌಕೆ ಮತ್ತು ಕಾವಲು ಹಡಗುಗಳ ಜೊತೆ ಕಾರ್ಯಪಡೆ 74 ಸಿಂಗಪುರದ ಬಳಿ ಕೂಡಿ, ಮಲಕ್ಕಾ ಜಲಸಂಧಿ ದಾಟಿ, 15ರಂದು ಬಂಗಾಳ ಕೊಲ್ಲಿ ಸೇರಿತು.

ಢಾಕಾದಲ್ಲಿದ್ದ ಅಮೆರಿಕನ್ನರನ್ನು ಕರೆದೊಯ್ಯಲು ಎಂಬುದು ಅಧಿಕೃತ ಕಾರಣ. ಬ್ರಿಟನ್ನಿನ ವಾಯುಪಡೆ 12ರಂದೇ ವಿದೇಶಿಯರನ್ನು ಸಾಗಿಸಿತ್ತು. ನಿಜವಾದ ಉದ್ದೇಶ ತೋರಿಕೆಯ ಬಲ: ಭಾರತ ಪಶ್ಚಿಮ ಪಾಕಿಸ್ತಾನದ ಮೇಲೆ ತಿರುಗದಂತೆ ಎಚ್ಚರಿಸುವುದು, ಬೀಜಿಂಗ್‌ಗೆ ನಾವಿದ್ದೇವೆ ಎನ್ನುವುದು. ರಾವಲ್ಪಿಂಡಿಯಿಂದ ಢಾಕಾದ ಜನರಲ್ ನಿಯಾಜಿಗೆ ಸಂಕೇತದ ಮಾತಿನಲ್ಲಿ ಭರವಸೆ ಹೋಗಿತ್ತು: ಉತ್ತರದಿಂದ ಹಳದಿಯವರು, ದಕ್ಷಿಣದಿಂದ ಬಿಳಿಯರು ಬರುತ್ತಾರೆ ಎಂದು. ಇಬ್ಬರೂ ಬರಲಿಲ್ಲ. ಸುಳ್ಳು ಭರವಸೆಯಿಂದ ಯುದ್ಧ ಬೆಳೆದ ಪ್ರತಿ ದಿನವೂ ಜನ ಸತ್ತರು. 14ರಂದು ಢಾಕಾದಲ್ಲಿ ಬಂಗಾಳಿ ವಿದ್ವಾಂಸರು, ವೈದ್ಯರು, ಪತ್ರಕರ್ತರನ್ನು ಮನೆಗಳಿಂದ ಎಳೆದೊಯ್ದು ಕೊಂದ ಹತ್ಯಾಕಾಂಡವೂ ಆ ದಿನಗಳಲ್ಲೇ ಆದದ್ದು.

ಭಾರತದ ವಿಕ್ರಾಂತ್ ಎಂಟರ್‌ಪ್ರೈಸ್‌ನ ತೂಕದಲ್ಲಿ ಕಾಲು ಭಾಗವೂ ಇರಲಿಲ್ಲ, ಅದರ ಒಂದು ಬಾಯ್ಲರ್ ಬಿರುಕುಬಿಟ್ಟು ವೇಗವೂ ತಗ್ಗಿತ್ತು. ಆದರೂ 4ರಿಂದಲೇ ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡುತ್ತ ಸಮುದ್ರದ ದಾರಿ ಮುಚ್ಚಿದ್ದವು.

ಇನ್ನು ಸೋವಿಯತ್ ಹಡಗುಗಳ ವಿಷಯ. ವ್ಲಾದಿವೊಸ್ತೋಕ್‌ನಿಂದ ಅಡ್ಮಿರಲ್ ಕ್ರುಗ್ಲ್ಯಕೋವ್ ನೇತೃತ್ವದ ಪಡೆ ಬಂದು ಅಮೆರಿಕದ ಹಡಗುಗಳ ಬೆನ್ನು ಹತ್ತಿದ್ದು ನಿಜ. ಅಡ್ಡಗಟ್ಟಿ ಹಿಂದಕ್ಕೆ ಅಟ್ಟಿದವು ಎಂಬುದು ಕಥೆ. ಎಂಟರ್‌ಪ್ರೈಸ್ ಕೊಲ್ಲಿಗೆ ಬಂದ ಮರುದಿನವೇ ಢಾಕಾ ಬಿದ್ದಿತ್ತು, ಅದಕ್ಕೆ ಅಲ್ಲಿ ಮಾಡಲು ಕೆಲಸವೇ ಉಳಿದಿರಲಿಲ್ಲ. ಆಮೇಲೂ ಜನವರಿಯವರೆಗೆ ಅದು ಹಿಂದೂ ಮಹಾಸಾಗರದಲ್ಲೇ ಇತ್ತು. ಬ್ರಿಟನ್ನಿನ ಯುದ್ಧನೌಕೆಯೂ ಭಾರತದ ಮೇಲೆ ಏರಿಬರುತ್ತಿತ್ತು ಎಂದು ಹರಿದಾಡುವ ಬರಹಕ್ಕೆ ಆಧಾರವಿಲ್ಲ. ಪ್ರತಿ ಮತದಲ್ಲೂ ತಟಸ್ಥವಾಗಿದ್ದ ದೇಶ ಬ್ರಿಟನ್.

ಯಾರ ಶಸ್ತ್ರದಲ್ಲಿ ಯಾರು ಹೋರಾಡಿದರು?

ಮಹಾಶಕ್ತಿಗಳ ಬಣದ ಗೆರೆಯಂತೆ ಶಸ್ತ್ರಗಳು ಹಂಚಿಹೋಗಿರಲಿಲ್ಲ. ಪಾಕಿಸ್ತಾನದ ಬಳಿ ಅಮೆರಿಕದ ಪ್ಯಾಟನ್ ಟ್ಯಾಂಕ್ ಮತ್ತು ಸೇಬರ್ ವಿಮಾನ, ಚೀನಾದ ಟಿ–59 ಟ್ಯಾಂಕ್ ಮತ್ತು ಎಫ್–6 ವಿಮಾನ, ಫ್ರಾನ್ಸ್‌ನ ಮಿರಾಜ್. ಭಾರತದ ಬಳಿ ಸೋವಿಯತ್ ಮಿಗ್–21, ಸುಖೋಯ್–7, ಟಿ–55. ಬ್ರಿಟಿಷ್ ಹಂಟರ್, ನ್ಯಾಟ್, ಸೆಂಚೂರಿಯನ್. ವಿಶಾಖಪಟ್ಟಣದ ಬಳಿ ಮುಳುಗಿದ ಪಾಕಿಸ್ತಾನದ ಘಾಜಿ, ಅಮೆರಿಕದಿಂದ ಬಾಡಿಗೆಗೆ ತಂದ ಹಳೆಯ ಡಯಾಬ್ಲೊ ಎಂಬ ಜಲಾಂತರ್ಗಾಮಿ. 9ರ ರಾತ್ರಿ ಭಾರತದ ಖುಕ್ರಿಯನ್ನು ಮುಳುಗಿಸಿದ ಹಂಗೋರ್ ಫ್ರೆಂಚ್ ನಿರ್ಮಿತ.

ಎಲ್ಲಕ್ಕಿಂತ ಹೆಚ್ಚು ಜನ ಕಣ್ಣರಳಿಸಿದ್ದು ಡಿಸೆಂಬರ್ 4ರ ರಾತ್ರಿಯ ಕರಾಚಿ ದಾಳಿಗೆ. ಸೋವಿಯತ್ ಒಸಾ ಕ್ಷಿಪಣಿ ದೋಣಿಗಳು ತಮ್ಮ ಕರಾವಳಿ ಕಾಯಲು ಕಟ್ಟಿದಂಥವು, ದೂರ ಹೋಗುವಷ್ಟು ಇಂಧನ ಹಿಡಿಯವು. ದೊಡ್ಡ ಹಡಗುಗಳ ನೆರವಿನಲ್ಲಿ ಅವನ್ನು ಗುಜರಾತ್ ಕರಾವಳಿಯಾಚೆ ಒಯ್ದು, ನಿಪಾತ್, ನಿರ್ಘಾತ್, ವೀರ್ ಮೂರರಿಂದ ಕ್ಷಿಪಣಿ ಹಾರಿಸಲಾಯಿತು. ರಕ್ಷಣೆಯ ಸಾಧನವನ್ನು ದಾಳಿಗೆ ಬಳಸುವ ಈ ಯೋಚನೆ ಭಾರತದ ನೌಕಾಪಡೆಯದೇ.

ಬೇರೆ ದೇಶಗಳ ಮೂಲಕ ಪಾಕಿಸ್ತಾನಕ್ಕೆ ವಿಮಾನ ಬಂದದ್ದು ನಿಜವೇ?

ಹೌದು. ಜೋರ್ಡಾನ್‌ನಿಂದ ಸುಮಾರು 10 ಎಫ್–104 ವಿಮಾನಗಳು ಬಂದವು. ತಾನು ನೇರವಾಗಿ ಕೊಡಲಾಗದ ದೇಶಕ್ಕೆ ತನ್ನ ಶಸ್ತ್ರವನ್ನು ಮೂರನೆಯವರ ಮೂಲಕ ದಾಟಿಸುವುದು ಅಮೆರಿಕದ ಕಾನೂನಿನ ಪ್ರಕಾರವೇ ತಪ್ಪು, ಅಲ್ಲಿನ ಅಧಿಕಾರಿಗಳು ಹಾಗೆಂದು ಹೇಳಿಯೂ ಇದ್ದರು. ನಿಕ್ಸನ್ ಮತ್ತು ಕಿಸಿಂಜರ್ ತಿಳಿದೇ ಮಾಡಿದರು. ಯುದ್ಧದ ಫಲಿತಾಂಶದ ಮೇಲೆ ಅದರ ಪರಿಣಾಮ ಏನೂ ಆಗಲಿಲ್ಲ.

ಶ್ರೀಲಂಕಾದ ಪಾತ್ರವೇನು?

ಜನವರಿ 30ರಂದು ಭಾರತದ ‘ಗಂಗಾ’ ವಿಮಾನ ಅಪಹರಣವಾಗಿ ಲಾಹೋರ್‌ನಲ್ಲಿ ಸುಟ್ಟ ಮೇಲೆ, ಭಾರತ ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನ ಹಾರುವುದನ್ನು ನಿಷೇಧಿಸಿತು. ಕರಾಚಿಯಿಂದ ಢಾಕಾಕ್ಕೆ ಹೋಗಲು ಇಡೀ ಪರ್ಯಾಯ ದ್ವೀಪವನ್ನು ಸುತ್ತಬೇಕಾಯಿತು. ನಡುವೆ ಇಂಧನ ತುಂಬಲು ಕೊಲಂಬೊ ಬೇಕು. ಆಗಿನ ಸಿಲೋನ್ ಅನುಮತಿ ಕೊಟ್ಟಿತು. ಪೂರ್ವಕ್ಕೆ ಸೈನಿಕರು ಹೋದದ್ದು ಈ ದಾರಿಯಲ್ಲೇ.

ಢಾಕಾ ಗೆದ್ದ ಮೇಲೆ ಪಶ್ಚಿಮದಲ್ಲಿ ಭಾರತ ಏಕೆ ನಿಲ್ಲಿಸಿತು? ಅಮೆರಿಕಕ್ಕೆ ಹೆದರಿಯೇ?

ಡಿಸೆಂಬರ್ 17ರ ರಾತ್ರಿ 8ರಿಂದ ಜಾರಿಯಾಗುವಂತೆ ಭಾರತ ಏಕಪಕ್ಷೀಯವಾಗಿ ಕದನ ವಿರಾಮ ಘೋಷಿಸಿತು. ಎಂಟರ್‌ಪ್ರೈಸ್ ಬಂದದ್ದರಿಂದಲೇ ಪಶ್ಚಿಮ ಪಾಕಿಸ್ತಾನ ಉಳಿಯಿತು ಎಂದು ಕಿಸಿಂಜರ್ ಕೊನೆಯವರೆಗೂ ವಾದಿಸಿದರು. ಆದರೆ ಭಾರತಕ್ಕೆ ಹೆಚ್ಚು ಹತ್ತಿರದ ಒತ್ತಡ ಮಾಸ್ಕೋದ್ದು. ಉಪ ವಿದೇಶಾಂಗ ಸಚಿವ ವಾಸಿಲಿ ಕುಜ್ನೆತ್ಸೋವ್ 12ರಂದೇ ದೆಹಲಿಗೆ ಬಂದು ಕುಳಿತಿದ್ದರು. ಬೇಗ ಮುಗಿಸಿ, ಪಶ್ಚಿಮಕ್ಕೆ ಕೈಹಾಕಬೇಡಿ ಎಂಬುದು ಅವರ ಮಾತಿನ ತಿರುಳು. 1972ರ ಮೇ ತಿಂಗಳಲ್ಲಿ ನಿಕ್ಸನ್ ಮಾಸ್ಕೋಗೆ ಬರಬೇಕಿತ್ತು, ಕ್ಷಿಪಣಿ ಮಿತಿಯ ಒಪ್ಪಂದವಾಗಬೇಕಿತ್ತು. ಮಿತ್ರನ ಗೆಲುವಿಗಾಗಿ ಅದನ್ನು ಕಳೆದುಕೊಳ್ಳಲು ಸೋವಿಯತ್ ನಾಯಕರಿಗೆ ಮನಸ್ಸಿರಲಿಲ್ಲ. ವೀಟೋಗಳಿಗೂ ಒಂದು ಕೊನೆಯಿದೆ ಎಂದು ದೆಹಲಿಗೆ ತಿಳಿದಿತ್ತು. ಭಾರತದ ಗುರಿ ಪೂರ್ವದಲ್ಲಿ ಈಡೇರಿಯೂ ಆಗಿತ್ತು.

ಭುಟ್ಟೊ ಹರಿದದ್ದು ಪೋಲೆಂಡ್‌ನ ನಿರ್ಣಯವನ್ನೇ?

15ರಂದು ಭದ್ರತಾ ಮಂಡಳಿಯಲ್ಲಿ ಕೈಯಲ್ಲಿದ್ದ ಕಾಗದ ಹರಿದು ಹೊರನಡೆದದ್ದು ನಿಜ. ಆ ಕಾಗದ ಅವರ ಟಿಪ್ಪಣಿಗಳು ಎಂದು ಹಲವರು ಹೇಳುತ್ತಾರೆ. ಪೋಲೆಂಡ್ ಕರಡಿನಲ್ಲಿ ಚುನಾಯಿತ ಪ್ರತಿನಿಧಿಗಳಿಗೆ ಅಧಿಕಾರ ಕೊಡುವುದೂ ಕದನ ವಿರಾಮವೂ ಒಟ್ಟಿಗಿದ್ದವು. ಅದನ್ನು ಹಿಡಿದಿದ್ದರೆ ರಮ್ನಾ ಮೈದಾನದಲ್ಲಿ ಜನರಲ್ ಜಗಜಿತ್ ಸಿಂಗ್ ಅರೋರಾ ಎದುರು ಶರಣಾಗತಿಗೆ ಸಹಿ ಹಾಕುವುದು ತಪ್ಪುತ್ತಿತ್ತೇನೋ. ಸೈನಿಕರು, ಅರೆಸೈನಿಕರು, ನಾಗರಿಕರು ಸೇರಿ ಸುಮಾರು 93,000 ಜನ ಕೈದಿಗಳಾದರು.

ಯುದ್ಧದ ನಂತರ ಈ ಬಣಗಳು ಹಾಗೇ ಉಳಿದವೇ?

ಬಹಳ ದಿನ ಉಳಿಯಲಿಲ್ಲ. ಬಾಂಗ್ಲಾದೇಶವನ್ನು ಭಾರತ ಮತ್ತು ಭೂತಾನ್ ಡಿಸೆಂಬರ್ 6ರಂದೇ ಮಾನ್ಯ ಮಾಡಿದ್ದವು. ಬ್ರಿಟನ್ 1972ರ ಫೆಬ್ರವರಿ 4ರಂದು, ಅಮೆರಿಕ ಏಪ್ರಿಲ್ 4ರಂದು ಮಾನ್ಯ ಮಾಡಿದವು. ಯುದ್ಧ ಮುಗಿದು ನಾಲ್ಕು ತಿಂಗಳೊಳಗೆ ವಾಷಿಂಗ್ಟನ್ ತಾನು ತಡೆಯಲು ಹೋದದ್ದನ್ನೇ ಒಪ್ಪಿತು. ಪಾಕಿಸ್ತಾನ ಕಾಮನ್‌ವೆಲ್ತ್‌ ತೊರೆಯಿತು, ಸೀಟೋದಿಂದಲೂ ಹೊರಬಂತು. 1974ರ ಫೆಬ್ರವರಿ 22ರಂದು ಲಾಹೋರ್‌ನ ಇಸ್ಲಾಮಿಕ್ ಶೃಂಗಸಭೆಯ ಹೊತ್ತಿಗೆ ಅದೂ ಬಾಂಗ್ಲಾದೇಶವನ್ನು ಮಾನ್ಯ ಮಾಡಿತು.

ಹೆಚ್ಚು ಹಟ ಹಿಡಿದದ್ದು ಚೀನಾ. 1972ರ ಆಗಸ್ಟ್ 25ರಂದು ಬಾಂಗ್ಲಾದೇಶ ವಿಶ್ವಸಂಸ್ಥೆ ಸೇರದಂತೆ ಅದು ವೀಟೋ ಹಾಕಿತು. ಬೀಜಿಂಗ್ ಸರ್ಕಾರ ಆ ಸ್ಥಾನಕ್ಕೆ ಬಂದ ಮೇಲೆ ಹಾಕಿದ ಮೊದಲ ವೀಟೋ ಅದು. ಸದಸ್ಯತ್ವ ಸಿಕ್ಕಿದ್ದು 1974ರ ಸೆಪ್ಟೆಂಬರ್ 17ರಂದು. ಚೀನಾದ ಮಾನ್ಯತೆ ಬಂದದ್ದು 1975ರ ಆಗಸ್ಟ್ 31ರಂದು, ಮುಜಿಬ್ ಹತ್ಯೆಯಾಗಿ ಹದಿನಾರು ದಿನಗಳ ಮೇಲೆ.

ಸೋವಿಯತ್ ನೌಕಾಪಡೆ ಚಿತ್ತಗಾಂಗ್‌ಗೆ ಬಂದದ್ದು ನೆಲೆ ಹೂಡಲಿಕ್ಕೆ ಅಲ್ಲವೇ?

ಆಗ ಬಹಳ ಜನ ಹಾಗೆಂದು ಶಂಕಿಸಿದ್ದರು. ಬಂದದ್ದು ಬಂದರು ತೆರವಿಗೆ. ಪಾಕಿಸ್ತಾನದ ಪಡೆ ಹೂಡಿದ್ದ ನೌಕಾ ಬಾಂಬುಗಳು ನೀರಿನಡಿ ಹಾಗೇ ಇದ್ದವು, ಮುಳುಗಿದ ಹಡಗುಗಳು ಕರ್ಣಫುಲಿ ನದಿಯ ಬಾಯಿ ಕಟ್ಟಿದ್ದವು. ಹೊಸ ದೇಶಕ್ಕೆ ಬರಬೇಕಿದ್ದ ಧಾನ್ಯದ ಹಡಗುಗಳಿಗೆ ಒಳಬರಲು ದಾರಿಯಿರಲಿಲ್ಲ. 1972ರ ಏಪ್ರಿಲ್‌ನಲ್ಲಿ ಬಂದ ಸೋವಿಯತ್ ನಾವಿಕರು ಹೂಳು ತುಂಬಿದ, ಕಣ್ಣಿಗೇನೂ ಕಾಣದ ನೀರಿನಲ್ಲಿ ಮುಳುಗಿ, ಕೈಯಿಂದ ತಡವಿ ಹುಡುಕಿ ಕೆಲಸ ಮಾಡಿದರು. 1974ರ ಜೂನ್‌ನಲ್ಲಿ ಕೆಲಸ ಮುಗಿಸಿ ಹಿಂದಿರುಗಿದರು, ನೆಲೆ ಉಳಿಯಲಿಲ್ಲ. ಅವರಲ್ಲೊಬ್ಬ ಯುವ ನಾವಿಕ ಅಲ್ಲೇ ಪ್ರಾಣ ಬಿಟ್ಟ, ಅವನ ಸಮಾಧಿ ಪತೆಂಗಾದಲ್ಲಿದೆ.